ಸುಣ್ಣದ ಗೋಡೆ, ಬೆಲ್ಲದ ನೀರು

ನಮ್ಮ ಜಿಲ್ಲೆಯಲ್ಲಿ ಮನುಷ್ಯನೊಬ್ಬ ಸುಮ್ಮನೆ ನಡೆಯುವಂತಿಲ್ಲ. ನಡೆದರೆ ಅದಕ್ಕೊಂದು ಕಾರಣ ಬೇಕು. ಪೇಟೆಗೆ ಹೋಗುವುದು, ಮದುವೆಯ ಹೇಳಿಕೆಗೆ ಹೋಗುವುದು, ಸಂಜೆಯಾದರೂ ಹಟ್ಟಿಗೆ ಬಾರದ ದನವನ್ನು ಹುಡುಕುವುದು, ವೈದ್ಯರು ಹೇಳಿದರೆಂದು ಬೆಳಿಗ್ಗೆ ಶಾಲೆಯ ಮೈದಾನಕ್ಕೆ ಸುತ್ತು ಹಾಕುವುದು, ಇವೆಲ್ಲ ಒಪ್ಪತಕ್ಕ ಕಾರಣಗಳು. ಹರಕೆ ಅದಕ್ಕಿಂತ ದೊಡ್ಡ ಕಾರಣ. ಶಿವರಾತ್ರಿಯ ಹೊತ್ತಿಗೆ ಘಟ್ಟದ ಮೇಲಿನ ಸಾವಿರಾರು ಜನ ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ನಡೆದು ಬರುತ್ತಾರೆ. ಅವರನ್ನು ಯಾರೂ ಯಾಕೆ ನಡೆಯುತ್ತೀರಿ ಎಂದು ಕೇಳುವುದಿಲ್ಲ. ದಾರಿಬದಿಯಲ್ಲಿ ನಿಂತು ನೀರು, ಮಜ್ಜಿಗೆ ಕೊಡುತ್ತಾರೆ. ಆದರೆ ಹರಕೆಯೂ ಇಲ್ಲದೆ, ಕೆಲಸವೂ ಇಲ್ಲದೆ, ಸಕ್ಕರೆ ಕಾಯಿಲೆಯೂ ಇಲ್ಲದೆ, ಬಸ್ಸು ಓಡುವ ದಾರಿಯಲ್ಲಿ ನಾಲ್ಕು ದಿನ ನಡೆದವನನ್ನು ಏನೆಂದು ಕರೆಯಬೇಕೋ ನಮ್ಮ ಭಾಷೆಗೆ ಗೊತ್ತಿಲ್ಲ. ಯಾತ್ರೆ ಎಂದರೆ ದೇವರು ಬೇಕು. ಸಂಚಾರ ಎಂದರೆ ಸ್ವಾಮಿಗಳಾಗಿರಬೇಕು. ತಿರುಗಾಟ ಎಂದರೆ ಯಕ್ಷಗಾನ ಮೇಳ. ಅಲೆದಾಟ ಎಂದರೆ ಮನೆಯವರು ಬೈಯುವ ಮಾತು.

ನಮ್ಮ ಭಾಷೆಗೆ ಪದವಿಲ್ಲದ ಈ ಕೆಲಸಕ್ಕೆ ನನ್ನನ್ನು ಎಳೆದವನು ನನ್ನ ತಂಗಿಯ ಮಗ. ಅವನು ಜರ್ಮನಿಯಲ್ಲಿ ಉದ್ಯೋಗದಲ್ಲಿದ್ದಾನೆ. ಅಲ್ಲಿಯವರು ರಜೆಯಲ್ಲಿ ಬೆನ್ನಿಗೊಂದು ಚೀಲ ಏರಿಸಿ ಹಳ್ಳಿಯಿಂದ ಹಳ್ಳಿಗೆ ನಡೆಯುತ್ತಾರಂತೆ. ಇವನೂ ಗೆಳೆಯರ ಜೊತೆ ಸ್ಪೇನಿನ ದಕ್ಷಿಣದಲ್ಲಿರುವ ಆಲ್ಪುಹಾರಾ ಎಂಬ ಸೀಮೆಯಲ್ಲಿ ಒಂದು ವಾರ ನಡೆದು ಬಂದ. ಅದು ಸಿಯೆರಾ ನೆವಾಡಾ ಎಂಬ ಹಿಮದ ಪರ್ವತದ ತೆಂಕು ಮೈ. ಆ ಸಾಲಿನ ತುದಿಯಲ್ಲಿರುವ ಮುಲಾಸೆನ್ ಶಿಖರ ಸಮುದ್ರಮಟ್ಟದಿಂದ 3,479 ಮೀಟರ್ ಎತ್ತರ. ಅದರ ಕೆಳಗಿನ ಪೊಕೇರಾ ಕಣಿವೆಯಲ್ಲಿ ಪಂಪನೇರಾ, ಬುಬಿಯೋನ್, ಕಪಿಲೇರಾ ಎಂಬ ಮೂರು ಹಳ್ಳಿಗಳು ಒಂದರ ಮೇಲೊಂದು ಮೆಟ್ಟಿಲಿನಂತೆ ಕುಳಿತಿವೆ. ಮನೆಗಳೆಲ್ಲ ಸುಣ್ಣ ಹಚ್ಚಿದ ಬಿಳಿ ಗೋಡೆಯವು, ಮಾಡು ಚಪ್ಪಟೆ, ಓಣಿಗಳು ಎಷ್ಟು ಸಪೂರ ಎಂದರೆ ಎದುರಿನಿಂದ ಹೇಸರಗತ್ತೆ ಬಂದರೆ ನಾವು ಗೋಡೆಗೆ ಒರಗಬೇಕು. ಅವನ ಫೋನಿನಲ್ಲಿ ಆ ಬಿಳಿ ಊರುಗಳ ನೂರಾರು ಚಿತ್ರಗಳಿದ್ದವು. ಎಲ್ಲವನ್ನೂ ತೋರಿಸಿ, "ಮಾವ, ಇಂಥ ಊರುಗಳು ನಮ್ಮಲ್ಲೂ ಇವೆಯಲ್ಲ. ನಾವು ನಡೆದು ನೋಡಿದವರಲ್ಲ ಅಷ್ಟೆ" ಎಂದ.

ಹಾಗೆ ಒಂದು ಡಿಸೆಂಬರಿನಲ್ಲಿ ನಾವಿಬ್ಬರೂ ಮೂಡಬಿದಿರೆಯಿಂದ ಹೊರಟು ವೇಣೂರು, ಗುರುವಾಯನಕೆರೆ, ಬೆಳ್ತಂಗಡಿಗಾಗಿ ಪುಂಜಾಲಕಟ್ಟೆ, ವಗ್ಗ, ಕಾರಿಂಜದ ದಾರಿಯಲ್ಲಿ ಬಂಟ್ವಾಳಕ್ಕೆ ನಡೆದೆವು. ಡಾಮರು ರಸ್ತೆಯಲ್ಲಿ ನಡೆದದ್ದು ಕಡಿಮೆ. ಗುಡ್ಡೆ ಹತ್ತಿ ಬೈಲಿಗಿಳಿದು, ಕಟ್ಟಪುಣಿಯ ಮೇಲೆ, ತೋಡಿನ ಬದಿಯಲ್ಲಿ, ಸಂಕ ದಾಟಿ, ಅಡಿಕೆ ತೋಟಗಳ ನಡುವೆ ನಡೆದದ್ದು ಹೆಚ್ಚು. ದಾರಿಯುದ್ದಕ್ಕೂ ನಮಗೆ ಕೇಳಿಬಂದ ಪ್ರಶ್ನೆ ಒಂದೇ: "ಬಸ್ಸು ಸಿಕ್ಕಲಿಲ್ಲವಾ?" ಇಲ್ಲ, ನಾವು ನಡೆಯಲಿಕ್ಕೆಂದೇ ಹೊರಟವರು ಎಂದರೆ ಕೇಳಿದವರ ಮುಖದಲ್ಲಿ ಕನಿಕರ ಕಾಣುತ್ತಿತ್ತು. ಒಬ್ಬ ರಿಕ್ಷಾದವರು ಹಣ ಬೇಡ, ಕುಳಿತುಕೊಳ್ಳಿ ಎಂದು ಒತ್ತಾಯಿಸಿದರು.

ಮೂಡಬಿದಿರೆಯ ಸಾವಿರ ಕಂಬದ ಬಸದಿ 1430ರದ್ದು. ವೇಣೂರಿನಲ್ಲಿ ಫಲ್ಗುಣಿಯ ದಂಡೆಯ ಬಾಹುಬಲಿಯನ್ನು ತಿಮ್ಮಣ್ಣ ಅಜಿಲ 1604ರಲ್ಲಿ ನಿಲ್ಲಿಸಿದ. ಬೆಳ್ತಂಗಡಿಯಿಂದ ಕಾಣುವ ಗಡಾಯಿಕಲ್ಲಿನ ಮೇಲೆ ಟಿಪ್ಪು 1794ರಲ್ಲಿ ಜಮಾಲಾಬಾದ್ ಕೋಟೆ ಕಟ್ಟಿಸಿದ. ಇವನ್ನೆಲ್ಲ ಕಾರಿನಲ್ಲಿ ಹೋದರೂ ನೋಡಬಹುದು. ನಡೆದವನಿಗೆ ಮಾತ್ರ ಕಾಣುವುದು ಅವುಗಳ ನಡುವಿನದು: ಅಂಗಳ ತುಂಬ ಒಣಗಲು ಹರಡಿದ ಅಡಿಕೆ, ಹಟ್ಟಿಯ ಬದಿಯ ಸೊಪ್ಪಿನ ರಾಶಿ, ಮುರಕಲ್ಲಿನ ಪಾಗಾರದ ಮೇಲೆ ಕುಳಿತ ಕೋಳಿ, ಹಂಚಿನ ಮಾಡಿನ ಕೆಳಗೆ ಬೆಳ್ಳಗೆ ಹೊಳೆಯುವ ಒಂದು ಗೋಡೆ. ಚೆಂದವೇ. ಚೆಂದವಲ್ಲ ಎಂದರೆ ಸುಳ್ಳಾಗುತ್ತದೆ.

ಆದರೆ ಎರಡನೆಯ ದಿನದಿಂದಲೇ ನಮ್ಮಿಬ್ಬರ ನಡುವೆ ಒಂದು ಚರ್ಚೆ ಶುರುವಾಯಿತು. ಇನ್ನೊಬ್ಬರ ಕಷ್ಟದಿಂದ ಹುಟ್ಟಿದ ಚೆಲುವನ್ನು ನೋಡಿ ನಾವು ಸಂತೋಷಪಡುವುದು ಸರಿಯೇ? ಸರಿಯಾದರೆ ಆ ಸಂತೋಷಕ್ಕೆ ನಾವು ತೆರಬೇಕಾದ್ದು ಏನಾದರೂ ಇದೆಯೇ? ಈ ಲೇಖನದಲ್ಲಿ ನಾನು ಹೇಳಹೊರಟದ್ದು ಅದನ್ನು.

ಮೊದಲು ಗೋಡೆಯ ವಿಷಯ. ವೇಣೂರು ದಾಟಿದ ಮೇಲೆ ಒಂದು ಬೈಲಿನ ಆಚೆ ಅಂಥದೊಂದು ಬಿಳಿ ಮನೆ ಕಂಡಿತು. ಅಳಿಯ ಅಂಗಳದ ಹೊರಗೆ ನಿಂತೇ ಫೋನು ಎತ್ತಿದ. ಒಳಗಿನಿಂದ ಬಂದ ಅಜ್ಜಿ, "ಬಿಸಿಲಿನಲ್ಲಿ ನಿಂತು ಎಂತ ಮಾಡುತ್ತೀರಿ? ಬನ್ನಿ" ಎಂದರು. ಒಂದು ತಟ್ಟೆಯಲ್ಲಿ ಬೆಲ್ಲದ ತುಂಡು, ಒಂದು ಚೊಂಬು ನೀರು ಬಂತು. ಗೋಡೆ ಎಷ್ಟು ಚೆಂದ ಇದೆ ಎಂದು ಅಳಿಯ ಹೇಳಿದ. ಅಜ್ಜಿಗೆ ಖುಷಿಯಾಯಿತು. ಆದರೆ ಖುಷಿಯ ಕಾರಣ ಬೇರೆ.

"ನಾನು ಮದುವೆಯಾಗಿ ಬರುವಾಗ ಇಲ್ಲಿ ಮಣ್ಣಿನ ಗೋಡೆ, ಮುಳಿಹುಲ್ಲಿನ ಮಾಡು. ನಾವು ಒಕ್ಕಲು. ಡಿಕ್ಲರೇಶನ್ ಆದ ವರ್ಷ ನಮ್ಮ ಮಾವನವರು ಕಲ್ಲು ಕಡಿಸಿದರು. ಎರಡು ವರ್ಷ ಬಿಟ್ಟು ಹಂಚು ಹಾಕಿಸಿದರು. ಆಮೇಲೆ ಬಂಟ್ವಾಳದಿಂದ ಚಿಪ್ಪಿನ ಸುಣ್ಣ ತಂದು ಅವರೇ ಹಚ್ಚಿದರು. ದಾರಿಯಲ್ಲಿ ಹೋಗುವವರಿಗೆ ಕಾಣಬೇಕು ಎಂದು ದಾರಿಯ ಕಡೆಯ ಗೋಡೆಗೆ ಮೂರು ಸಲ" ಎಂದರು.

ಈಗಿನ ಹುಡುಗರಿಗೆ ಡಿಕ್ಲರೇಶನ್ ಎಂದರೆ ಏನೆಂದು ಹೇಳಬೇಕಾಗುತ್ತದೆ. ಭೂಸುಧಾರಣೆಯ ತಿದ್ದುಪಡಿ ಕಾಯಿದೆ 1974ರಲ್ಲಿ ಜಾರಿಗೆ ಬಂದಾಗ ಗೇಣಿ ಒಕ್ಕಲುಗಳು ತಾವು ಉಳುವ ಭೂಮಿ ತಮಗಾಗಬೇಕೆಂದು ಅರ್ಜಿ ಹಾಕಿದರು. ಭೂನ್ಯಾಯ ಮಂಡಳಿಗಳು ವಿಚಾರಿಸಿ ತೀರ್ಮಾನ ಕೊಟ್ಟವು. ಗೇಣಿ ಪದ್ಧತಿ ಆಳವಾಗಿ ಬೇರು ಬಿಟ್ಟಿದ್ದ ನಮ್ಮ ಜಿಲ್ಲೆಯಲ್ಲಿ ಅದು ಮನೆಮನೆಯ ಕತೆ. ಎಷ್ಟೋ ಮನೆಗಳಿಗೆ ಅದು ಗೆಲುವು; ಗೇಣಿಯನ್ನೇ ನಂಬಿದ್ದ ಕೆಲವು ಮನೆಗಳಿಗೆ ಅದು ಸೋಲು. ಅಜ್ಜಿಯ ಮನೆಯಲ್ಲಿ ಅದು ಒಂದು ಬಿಳಿ ಗೋಡೆಯಾಗಿ ನಿಂತಿತ್ತು. ನಾವು ಹಳೆಯ ಕಾಲದ ಚೆಲುವು ಎಂದುಕೊಂಡು ನೋಡಿದ್ದು ಅವರ ಪಾಲಿಗೆ ಹಳೆಯ ಕಾಲ ಮುಗಿಯಿತು ಎಂಬುದರ ಗುರುತು.

ಅದೇ ದಿನ ಸಂಜೆ ಒಂದು ತಿರುವಿನಲ್ಲಿ ನೇರಳೆ ಬಣ್ಣದ ತಾರಸಿ ಮನೆಯೊಂದು ಎದುರಾಯಿತು. ಕಿಟಕಿಯ ಅಂಚಿಗೆ ಗಿಳಿಹಸಿರು. ಮನೆಯ ಯಜಮಾನರು ಗಲ್ಫಿನಲ್ಲಿ ಇಪ್ಪತ್ತು ವರ್ಷ ದುಡಿದು ಬಂದವರು. ಅಳಿಯ ಆ ಮನೆಯ ಚಿತ್ರ ತೆಗೆಯಲಿಲ್ಲ. ದಾರಿಯಲ್ಲಿ, "ಎಂಥ ಊರನ್ನು ಹಾಳು ಮಾಡುತ್ತಿದ್ದಾರೆ ಮಾವ" ಎಂದ. ನಾನು ಅವನಿಗೆ ಯಜಮಾನರು ನನ್ನಲ್ಲಿ ಹೇಳಿದ್ದನ್ನು ಹೇಳಿದೆ: ಸುಣ್ಣದ ಗೋಡೆಗೆ ಒಂದು ಮಳೆಗಾಲದಲ್ಲಿ ಪಾಚಿ ಹಿಡಿಯುತ್ತದೆ, ಪ್ರತಿವರ್ಷ ಕೆರೆದು ಹೊಸದಾಗಿ ಕೊಡಬೇಕು, ಅವರ ತಾಯಿಯ ಕೈ ಸುಣ್ಣದಿಂದ ಬಿರಿದು ಹೋಗುತ್ತಿತ್ತು. ವರ್ಷಕ್ಕೆ ಸುಮಾರು 4 ಸಾವಿರ ಮಿಲಿಮೀಟರು ಮಳೆ ಸುರಿಯುವ ನಾಡಿನಲ್ಲಿ ಗೋಡೆಯನ್ನು ಬಿಳಿಯಾಗಿಡುವುದು ಸ್ಪೇನಿನ ಬಿಸಿಲಿನಲ್ಲಿ ಇಟ್ಟಷ್ಟು ಸುಲಭವಲ್ಲ. ನಾವು ಬಂದದ್ದು ಡಿಸೆಂಬರಿನಲ್ಲಿ. ಆಟಿ ತಿಂಗಳಲ್ಲಿ ಬಂದಿದ್ದರೆ ಅಜ್ಜಿಯ ಬಿಳಿ ಗೋಡೆಗೂ ಮಡಲಿನ ತಟ್ಟಿ ಕಟ್ಟಿರುತ್ತಿದ್ದರು, ಗೋಡೆಯೇ ಕಾಣುತ್ತಿರಲಿಲ್ಲ.

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂಬ ಗಾದೆ ನಮ್ಮಲ್ಲಿದೆ. ಪಕ್ಷಪಾತಕ್ಕೆ ಹೇಳುವ ಮಾತು. ನಡೆದು ನೋಡಲು ಬಂದವನಿಗೂ ಅದು ಒಪ್ಪುತ್ತದೆ. ನೋಡುವವನ ಕಣ್ಣಿಗೆ ಬೆಣ್ಣೆ, ಸುಣ್ಣ ಹಚ್ಚುವವನ ಕಣ್ಣಿಗೆ ಸುಣ್ಣ.

ಆಲ್ಪುಹಾರಾದ ಕತೆಯೂ ಬೇರೆಯಲ್ಲ. ಆ ಕಣಿವೆಯ ಬೆಟ್ಟದ ಮೈಯನ್ನು ಮೆಟ್ಟಿಲು ಗದ್ದೆಗಳಾಗಿ ಕಡಿದು, ಹಿಮ ಕರಗಿದ ನೀರನ್ನು ಕಾಲುವೆಗಳಲ್ಲಿ ಹರಿಸಿ, ಊರು ಮಾಡಿದವರು ಮುಸಲ್ಮಾನ ಬೇಸಾಯಗಾರರು. ಗ್ರಾನಡಾ ರಾಜ್ಯ 1492ರಲ್ಲಿ ಬಿತ್ತು. ಮತ ಬದಲಿಸಿ ಉಳಿದುಕೊಂಡವರ ಭಾಷೆ, ಉಡುಪುಗಳನ್ನೂ ನಿಷೇಧಿಸಿದಾಗ 1568ರಲ್ಲಿ ಅವರು ದಂಗೆಯೆದ್ದರು. ದಂಗೆ ಅಡಗಿದ ಮೇಲೆ ಅವರನ್ನು ಆ ಸೀಮೆಯಿಂದ ಹೊರಡಿಸಿ, ಅವರ ಮನೆಗಳಲ್ಲಿ ಉತ್ತರದಿಂದ ತಂದ ಒಕ್ಕಲುಗಳನ್ನು ಕೂರಿಸಿದರು. ಆ ಒಕ್ಕಲುಗಳ ಮಕ್ಕಳು ಮೊಮ್ಮಕ್ಕಳು ಕಲ್ಲು ನೆಲದಲ್ಲಿ ಬದುಕು ಸಾಗಿಸಿ, ಕಳೆದ ಶತಮಾನದ ನಡುವಿನಲ್ಲಿ ಹೊಟ್ಟೆಪಾಡಿಗಾಗಿ ಬಾರ್ಸಿಲೋನಾಕ್ಕೂ ಹೊರದೇಶಗಳಿಗೂ ಹೋದರು. ಸ್ಪೇನಿನ ಕೂಲಿಕಾರರನ್ನು ಕರೆಸಿಕೊಳ್ಳಲು ಪಶ್ಚಿಮ ಜರ್ಮನಿ ಒಪ್ಪಂದ ಮಾಡಿಕೊಂಡದ್ದು 1960ರಲ್ಲಿ. ಅಂದರೆ ದಕ್ಷಿಣ ಸ್ಪೇನಿನ ಬಡವರು ಹಳ್ಳಿ ಬಿಟ್ಟು ಜರ್ಮನಿಗೆ ದುಡಿಯಲು ಹೋದರು. ಈಗ ಜರ್ಮನಿಯಲ್ಲಿ ದುಡಿಯುವ ನನ್ನ ಅಳಿಯ ರಜೆಯಲ್ಲಿ ಅಂಥ ಹಳ್ಳಿಗಳ ಶಾಂತಿಯನ್ನು ನೋಡಲು ಹೋಗುತ್ತಾನೆ. ಆ ಶಾಂತಿಯ ಒಂದು ಪಾಲು ಮನೆ ಬಿಟ್ಟು ಹೋದವರು ಬಿಟ್ಟುಹೋದದ್ದು. ನಮ್ಮಲ್ಲೂ ಮುಂಬಯಿಯ ಹೋಟೆಲುಗಳಿಗೂ ಗಲ್ಫಿಗೂ ಹೋದವರ ಮನೆಗಳು ಬೀಗ ಹಾಕಿಕೊಂಡು ನಿಂತಿವೆ. ಅಂಥ ಮನೆಯ ಎದುರು ನಿಂತು ಎಷ್ಟು ಪ್ರಶಾಂತವಾಗಿದೆ ಎಂದು ಹೇಳುವುದು ಸುಲಭ.

ಹೊರಗಿನಿಂದ ಬಂದವನ ಕಣ್ಣು ತನಗೆ ಬೇಕಾದ್ದನ್ನು ಮಾತ್ರ ಕಾಣುತ್ತದೆ ಎಂಬುದು ಹೊಸ ಮಾತೇನಲ್ಲ. ಟಿಪ್ಪುವಿನ ಪತನದ ಮೇಲೆ ಇಂಗ್ಲಿಷರ ಸರಕಾರ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಹೊಸ ಸೀಮೆಗಳ ವರದಿ ಮಾಡಲು ಕಳಿಸಿತು. ಅವನು 1801ರಲ್ಲಿ ಬಂಟ್ವಾಳ, ಜಮಾಲಾಬಾದ್, ವೇಣೂರು, ಮೂಡಬಿದಿರೆಗಳನ್ನು ಹಾದುಹೋದ. ನಾವು ನಡೆದದ್ದು ಹೆಚ್ಚುಕಡಿಮೆ ಅವನ ದಾರಿಯನ್ನೇ ಹಿಂದುಮುಂದಾಗಿ. ಅವನು ನೋಡಿದ್ದು ಬೆಳೆ, ಗೇಣಿ, ತೆರಿಗೆ, ಜಾತಿ, ದರ. ಅವನಿಗೆ ಲೆಕ್ಕ ಬೇಕಿತ್ತು. ನಮಗೆ ಚೆಲುವು ಬೇಕಿತ್ತು. ಆದರೂ ಒಂದು ವ್ಯತ್ಯಾಸ ಇದೆ. ಅವನು ತನ್ನನ್ನು ಕಳಿಸಿದವರು ಯಾರು, ತಾನು ಯಾತಕ್ಕೆ ಬಂದವನು ಎಂಬುದನ್ನು ಬಚ್ಚಿಡಲಿಲ್ಲ. ಚೆಲುವಿಗಾಗಿ ಬಂದವನು ಮಾತ್ರ ತಾನು ಏನನ್ನೂ ತೆಗೆದುಕೊಳ್ಳುತ್ತಿಲ್ಲ ಎಂದೇ ನಂಬಿರುತ್ತಾನೆ.

ಇನ್ನು ಬೆಲ್ಲದ ನೀರಿನ ವಿಷಯ. ಅಜ್ಜಿಯ ಮನೆಯಿಂದ ಹೊರಡುವಾಗ ಅಳಿಯ ಕಿಸೆಗೆ ಕೈ ಹಾಕಿದ. ನಾನು ಕಣ್ಣಲ್ಲೇ ಬೇಡ ಎಂದೆ. ಆಮೇಲೆ ಅವನು ಕೇಳಿದ, "ಸ್ಪೇನಿನಲ್ಲಿ ಒಂದು ಲೋಟ ನೀರಿಗೂ ಹಣ ಕೊಟ್ಟೆ. ಅಲ್ಲಿ ನಾನು ಯಾರ ಋಣದಲ್ಲೂ ಇಲ್ಲ. ಇಲ್ಲಿ ಪುಕ್ಕಟೆ ಕುಡಿದು ಬಂದೆ. ಯಾವುದು ಹೆಚ್ಚು ಪ್ರಾಮಾಣಿಕ?" ಒಳ್ಳೆಯ ಪ್ರಶ್ನೆ.

ನಡೆದು ಬಂದವನಿಗೆ ಬೆಲ್ಲ ನೀರು ಕೊಡುವುದು ನಮ್ಮಲ್ಲಿ ಧರ್ಮವಾಗಿತ್ತು, ನಿಜ. ಆದರೆ ಅದು ಪೂರಾ ಪುಕ್ಕಟೆಯೂ ಆಗಿರಲಿಲ್ಲ. ಬಂದವನು ಸುದ್ದಿ ತರುತ್ತಿದ್ದ. ಯಾರ ಮನೆಯಲ್ಲಿ ಮದುವೆ, ಯಾವ ಹೊಳೆಯಲ್ಲಿ ನೀರು ಎಷ್ಟು, ಬಂಟ್ವಾಳ ಪೇಟೆಯಲ್ಲಿ ಅಡಿಕೆಗೆ ಎಷ್ಟು ಧಾರಣೆ, ಇವೆಲ್ಲ ಅವನ ಬಾಯಿಂದಲೇ ತಿಳಿಯಬೇಕಿತ್ತು. ನೀರಿಗೆ ಸುದ್ದಿ, ಹೀಗೊಂದು ಲೆಕ್ಕ ಇತ್ತು. ಈಗ ಸುದ್ದಿ ಅಜ್ಜಿಯ ಮೊಮ್ಮಗನ ಫೋನಿನಲ್ಲಿ ನಮಗಿಂತ ಮೊದಲೇ ಬಂದಿರುತ್ತದೆ. ನಮ್ಮ ಕೈಯಲ್ಲಿ ಕೊಡಲು ಏನೂ ಇಲ್ಲ, ಆದರೂ ನೀರು ಬರುತ್ತದೆ.

ಆ ಧರ್ಮಕ್ಕೆ ಇನ್ನೊಂದು ಮುಖವಿತ್ತು. ನೀರು ಕೊಡುವ ಮೊದಲು, "ಯಾವ ಮನೆಯವರು?" ಎಂದು ಕೇಳುವ ಕ್ರಮ. ಅದು ಆತ್ಮೀಯತೆಯ ಪ್ರಶ್ನೆ. ಅದೇ ಜಾತಿಯ ಪ್ರಶ್ನೆಯೂ ಹೌದು. ಉತ್ತರ ನೋಡಿ ಕೆಲವರಿಗೆ ಚಾವಡಿಯಲ್ಲಿ ಚೊಂಬು, ಕೆಲವರಿಗೆ ಜಗಲಿಯ ಕೆಳಗೆ, ಕೆಲವರಿಗೆ ಅಂಗಳದ ಆಚೆ ಗೆರಟೆಯಲ್ಲಿ. ನಮ್ಮ ಹಿರಿಯರ ಅತಿಥಿ ಸತ್ಕಾರದ ಕುರಿತು ಬರೆಯುವವರು ಈ ಗೆರಟೆಯನ್ನು ಬರೆಯುವುದಿಲ್ಲ. ಅದೂ ಒಂದು ಬಗೆಯ ಸುಣ್ಣ ಹಚ್ಚುವ ಕೆಲಸವೇ. ಕೊರಗರ ಮೇಲೆ ಹೇರಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು ಸರಕಾರ 2000ದಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು ಎಂದರೆ, ಈ ದಾರಿಗಳಲ್ಲಿ ಎಲ್ಲರೂ ಒಂದೇ ರೀತಿ ನಡೆದವರಲ್ಲ ಎಂಬುದು ಸ್ಪಷ್ಟ. ಆಟಿಯಲ್ಲಿ ಮನೆಮನೆಗೆ ಬರುವ ಆಟಿ ಕಳೆಂಜವನ್ನು ಈಗ ನಾವು ಜಾನಪದ ಕಲೆ ಎಂದು ವೇದಿಕೆ ಹತ್ತಿಸಿ ಸನ್ಮಾನಿಸುತ್ತೇವೆ. ಆ ವೇಷ ಕಟ್ಟಿ ಹಸಿದ ತಿಂಗಳಲ್ಲಿ ಕೆಸರು ತುಳಿದು ನಡೆದವನಿಗೆ ಪಡಿಯಕ್ಕಿ ಬೇಕಿತ್ತು.

ಮೂರನೆಯ ದಿನ ಪುಂಜಾಲಕಟ್ಟೆಯ ಈಚೆ ದರ್ಖಾಸ್ತು ಜಾಗದ ಸಣ್ಣ ಮನೆಯೊಂದರ ಮುಂದೆ ನಿಂತು ನೀರು ಕೇಳಿದೆವು. ಬೀಡಿ ಕಟ್ಟುತ್ತಿದ್ದ ಹೆಂಗಸು ಸೂಪನ್ನು ಬದಿಗಿಟ್ಟು ಎದ್ದರು. ಒಳಗೆ ಹೋಗಲಿಲ್ಲ. ನನ್ನನ್ನು ನೋಡಿ ತಗ್ಗಿದ ದನಿಯಲ್ಲಿ, "ನಮ್ಮಲ್ಲಿ ಕುಡಿಯುತ್ತೀರಾ?" ಎಂದರು. ಕುಡಿಯುತ್ತೇವೆ ಎಂದೆ. ನೀರು ತಂದರು, ಜೊತೆಗೆ ಬೆಲ್ಲವೂ ಬಂತು. ಕುಡಿದೆವು. ಬೀಡಿಯ ಮಜೂರಿ, ಎಲೆಯ ಗುಣ, ಮಗಳ ಪಿಯುಸಿ ಎಂದು ಹತ್ತು ನಿಮಿಷ ಮಾತಾಡಿ ಹೊರಟೆವು.

ನಾವು ಕುಡಿದದ್ದರಲ್ಲಿ ದೊಡ್ಡತನ ಏನೂ ಇಲ್ಲ, ಬಾಯಾರಿತ್ತು. ಆದರೆ ಆ ಪ್ರಶ್ನೆ ನನ್ನ ಜೊತೆ ಬಂಟ್ವಾಳದವರೆಗೂ ಬಂತು. ನೀರು ಕೊಡುವವಳು ಅನುಮತಿ ಕೇಳಬೇಕಾದ ಊರು ನಾವು ನಾಲ್ಕು ದಿನದಿಂದ ಚೆಂದ ಚೆಂದ ಎನ್ನುತ್ತಿದ್ದ ಊರೇ. ಆ ಮನೆಯ ಗೋಡೆಗೂ ಸುಣ್ಣ ಹಚ್ಚಿತ್ತು. ಫೋಟೋದಲ್ಲಿ ಅದು ಅಜ್ಜಿಯ ಗೋಡೆಯಷ್ಟೇ ಬಿಳಿಯಾಗಿ ಕಾಣುತ್ತದೆ. ಎರಡು ಗೋಡೆಗಳ ವ್ಯತ್ಯಾಸ ತಿಳಿಯಬೇಕಾದರೆ ನೀರು ಕೇಳಬೇಕು.

ಹಾಗಾದರೆ ಏನು ಮಾಡಬೇಕು? ಮೂರು ಉತ್ತರಗಳನ್ನು ನಾವು ದಾರಿಯಲ್ಲಿ ತೂಗಿ ನೋಡಿದೆವು. ಮೊದಲನೆಯದು, ನೋಡುವುದರಿಂದ ಯಾರಿಗೂ ನಷ್ಟವಿಲ್ಲ, ಆದ್ದರಿಂದ ತೆರಬೇಕಾದ್ದೂ ಇಲ್ಲ ಎಂಬುದು. ನೋಟ ನೋಟದಲ್ಲೇ ನಿಂತರೆ ಇದು ಸರಿ. ಆದರೆ ನಿಲ್ಲುವುದಿಲ್ಲ. ಚೆಂದ ಇದೆ ಎಂಬುದು ಬಹಳ ಬೇಗ ಹೀಗೆಯೇ ಇರಲಿ ಎಂದಾಗುತ್ತದೆ. ನೇರಳೆ ಬಣ್ಣದ ಮನೆಯ ಮುಂದೆ ಅಳಿಯನ ಬಾಯಲ್ಲಿ ಅದೇ ಬಂತು. ಎರಡನೆಯದು, ಇದೆಲ್ಲ ಪಾಪ, ಮನೆಯಲ್ಲೇ ಕೂರುವುದು ಲೇಸು ಎಂಬುದು. ಇದರಿಂದ ಅಜ್ಜಿಗೆ ಏನು ಬಂತು? ತನ್ನ ಗೋಡೆಯನ್ನು ಮೆಚ್ಚಿದರೆಂದು ಆಕೆ ಸಂತೋಷಪಟ್ಟರು. ಕನಿಕರಪಟ್ಟಿದ್ದರೆ ಅದು ಅವರಿಗೆ ಅವಮಾನ. ಮೂರನೆಯದು, ಹಣ ಕೊಟ್ಟು ಋಣ ತೀರಿಸುವುದು. ಇದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಪೊಕೇರಾ ಕಣಿವೆಯಲ್ಲಿ ಕೋಣೆ ಬಾಡಿಗೆಗೆ ಕೊಟ್ಟು, ಊಟ ಬಡಿಸಿ, ಕಂಬಳಿ ಮಾರಿ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ಆದರೆ ಹಣ ಕೊಟ್ಟವನಿಗೆ ಕೇಳುವ ಹಕ್ಕು ಬರುತ್ತದೆ. ಅವನು ಬಿಳಿ ಗೋಡೆಗೆ ಹಣ ಕೊಟ್ಟಿದ್ದಾನೆ; ಗೋಡೆ ಬಿಳಿಯಾಗಿಯೇ ಇರಬೇಕು. ಆಮೇಲೆ ಗೋಡೆಯ ಬಣ್ಣ ಮನೆಯವರ ಕೈಯಲ್ಲಿ ಉಳಿಯುವುದಿಲ್ಲ.

ಈ ಮೂರೂ ಸೋಲುವುದು ಒಂದೇ ಜಾಗದಲ್ಲಿ: ರಸ್ತೆಯ ಪ್ರಶ್ನೆಯಲ್ಲಿ. ಬೆಳ್ತಂಗಡಿ ತಾಲೂಕಿನ ಘಟ್ಟದ ಬುಡದಲ್ಲಿ, 1987ರಲ್ಲಿ ಆದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗಡಿಯ ಒಳಗೂ ಅಂಚಿನಲ್ಲೂ ಮಲೆಕುಡಿಯರ ಮನೆಗಳಿವೆ. ಅಲ್ಲಿ ಒಂದು ಸೇತುವೆಗೂ ರಸ್ತೆಗೂ ಅರಣ್ಯ ಕಾಯಿದೆಯ ಅನುಮತಿ ಬೇಕು. ಕಾಯಿಲೆಯವರನ್ನು ಬಡಿಗೆಗೆ ಕಟ್ಟಿದ ಕುರ್ಚಿಯಲ್ಲಿ ಹೊತ್ತು ತಂದ ಕತೆಗಳು ಈ ಮೂಲೆಗಳಲ್ಲಿ ಹೊಸತಲ್ಲ. ಆ ತಾಲೂಕಿನ ಕುತ್ಲೂರು ಗ್ರಾಮಕ್ಕೆ 2024ರಲ್ಲಿ ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಅತ್ಯುತ್ತಮ ಪ್ರವಾಸಿ ಗ್ರಾಮ ಪ್ರಶಸ್ತಿ ಬಂತು. ಸಾಹಸ ಪ್ರವಾಸೋದ್ಯಮದ ವಿಭಾಗದಲ್ಲಿ. ಒಳ್ಳೆಯದೇ, ಊರಿಗೆ ನಾಲ್ಕು ಕಾಸು ಬರಲಿ. ಆದರೆ ಸಾಹಸ ಎಂಬ ಪದದ ಹತ್ತಿರ ಸ್ವಲ್ಪ ನಿಲ್ಲಬೇಕು. ಒಂದು ದಿನಕ್ಕೆ ಬಂದವನಿಗೆ ಸಾಹಸವಾದ ದಾರಿ ಹೆರಿಗೆ ನೋವು ಬಂದವಳಿಗೆ ಏನು?

ಅಳಿಯ ಇಲ್ಲಿ ಸುಲಭಕ್ಕೆ ಬಿಡಲಿಲ್ಲ. "ಮಾವ, ಕಾಡು ಉಳಿಯುವುದು ನೋಡುವವರ ಚಂದಕ್ಕಲ್ಲ. ನೇತ್ರಾವತಿಯ ನೀರು ಅಲ್ಲಿಂದ ಬರುವುದು. ತುಂಬೆಯ ಅಣೆಕಟ್ಟಿನಿಂದ ಮಂಗಳೂರು ಕುಡಿಯುತ್ತದೆ. ಗುಡ್ಡ ಕಡಿದರೆ ಏನಾಗುತ್ತದೆ ಎಂದು 2019ರಲ್ಲಿ ನೋಡಿದ್ದೀರಿ" ಎಂದ. ನೋಡಿದ್ದೇನೆ. ಆ ವರ್ಷ ಆಗಸ್ಟಿನಲ್ಲಿ ಚಾರ್ಮಾಡಿ, ದಿಡುಪೆ, ಮಲವಂತಿಗೆಗಳ ಕಡೆ ಗುಡ್ಡ ಜರಿದು ಹೊಳೆಗಳು ಮರ, ಬಂಡೆಗಳನ್ನು ಹೊತ್ತು ತೋಟಗಳ ಮೇಲೆ ಬಂದವು. ಘಟ್ಟದ ರಸ್ತೆ ಮುಚ್ಚಿತು. ಬಂಟ್ವಾಳದವರಾದ ನಮಗೆ 1923 ಮತ್ತು 1974ರ ನೆರೆಯ ಕತೆ ಹೇಳಿದವರು ಮನೆಯಲ್ಲೇ ಇದ್ದರು. ಮೇಲಿನ ಕಾಡಿಗೂ ಕೆಳಗಿನ ಪೇಟೆಗೂ ಇರುವ ಸಂಬಂಧ ನಮಗೆ ಪುಸ್ತಕದಿಂದ ತಿಳಿಯಬೇಕಾದ್ದಲ್ಲ.

ಅವನ ಮಾತು ಸರಿ, ಆದರೆ ಅದು ಬೇರೆ ಮಾತು. ಕುಡಿಯುವ ನೀರು ಅಗತ್ಯದ ಕಾರಣ. ಹೆರಿಗೆಗೆ ಆಸ್ಪತ್ರೆ ತಲುಪುವುದೂ ಅಗತ್ಯದ ಕಾರಣ. ಎರಡು ಅಗತ್ಯಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಬಹುದು. ತೂಗಿದಾಗ ಅಗಲ ರಸ್ತೆ ಬೇಡ, ಗಟ್ಟಿ ಕಾಲುಸಂಕ ಮತ್ತು ಜೀಪು ಹೋಗುವಷ್ಟು ದಾರಿ ಸಾಕು ಎಂದಾಗಬಹುದು. ಕಾಡು ಹಾಗೆಯೇ ಇರಲಿ, ಮನೆಯವರು ಬಯಸಿದರೆ ಬೇರೆ ಕಡೆ ನ್ಯಾಯವಾದ ಭೂಮಿ ಕೊಡೋಣ ಎಂದಾಗಬಹುದು. ಆದರೆ ಹಾಗೆ ತೂಗುವವರು ಖರ್ಚನ್ನೂ ಹಂಚಿಕೊಳ್ಳಬೇಕು. ಕಾಡಿನಿಂದ ನೀರು ಕುಡಿಯುವುದು ಮಂಗಳೂರು, ಕಾಡು ಉಳಿಸಲು ಕುರ್ಚಿ ಹೊರುವುದು ಮಲೆಕುಡಿಯರು ಎಂದಾದರೆ ಅದು ನ್ಯಾಯವಲ್ಲ. ಇನ್ನೊಂದು ವಿಷಯ, ಈ ತಕ್ಕಡಿಗೆ ನೋಡುವವನ ಇಷ್ಟವನ್ನು ಹಾಕಬಾರದು. ನನಗೆ ಈ ದಾರಿ ಹೀಗೆ ಇದ್ದರೆ ಚೆಂದ ಎಂಬುದಕ್ಕೆ ಅಲ್ಲಿ ತೂಕವಿಲ್ಲ. ಕಷ್ಟವಿರುವುದು ಎಲ್ಲಿಯೆಂದರೆ, ನಮ್ಮ ಇಷ್ಟ ಯಾವಾಗಲೂ ಅಗತ್ಯದ ಅಂಗಿ ತೊಟ್ಟುಕೊಂಡೇ ಬರುತ್ತದೆ. ಪರಿಸರ ಎನ್ನುತ್ತೇವೆ, ಪರಂಪರೆ ಎನ್ನುತ್ತೇವೆ. ಒಳಗೆ ನೋಡಿದರೆ ನಮ್ಮ ಫೋಟೋ ಕೆಡುತ್ತದೆ ಎಂಬ ಬೇಸರ ಇರುತ್ತದೆ. ಪ್ರಾಮಾಣಿಕತೆ ಬೇಕಾದ್ದು ಇಲ್ಲಿ, ನೀರಿನ ಲೋಟದ ಹಣದಲ್ಲಲ್ಲ.

ಇದನ್ನು ಪರೀಕ್ಷಿಸಲು ಒಂದು ಸರಳ ಉಪಾಯವಿದೆ. ಈ ಊರು ಹೀಗೆಯೇ ಇರಬೇಕು ಎಂದು ಅನ್ನಿಸಿದಾಗ, ನನ್ನ ಮನೆ ಇಲ್ಲೇ ಇದ್ದು, ನನ್ನ ತಾಯಿಗೆ ರಾತ್ರಿ ಎದೆನೋವು ಬಂದಿದ್ದರೂ ಹೀಗೆಯೇ ಹೇಳುತ್ತಿದ್ದೆನೇ ಎಂದು ಕೇಳಿಕೊಳ್ಳಬೇಕು. ಹೌದು ಎಂದಾದರೆ ಅದು ಕಾರಣ. ಅದನ್ನು ಊರಿನವರ ಎದುರೇ ಹೇಳಬಹುದು, ಅವರೂ ಕೇಳಿಯಾರು. ಅಲ್ಲ ಎಂದಾದರೆ ಅದು ಇಷ್ಟ. ಇಷ್ಟ ಇಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ. ಅದನ್ನು ತನ್ನ ಚೀಲದಲ್ಲೇ ಇಟ್ಟುಕೊಂಡು ಮುಂದೆ ನಡೆಯಬೇಕು.

ಹಾಗಾದರೆ ನಡೆಯುವವನ ಋಣ ಏನು? ನನಗೆ ತೋಚಿದ್ದು ಇಷ್ಟು. ಬೆಲ್ಲ ನೀರು ಕೊಟ್ಟಾಗ ಹಣ ಕೊಟ್ಟು ಕೈ ತೊಳೆದುಕೊಳ್ಳದೆ, ಆ ಮನೆಯ ಋಣದಲ್ಲಿರಲು ಒಪ್ಪುವುದು. ಬಾಡಿಗೆಗೆ ಕೋಣೆ ಕೊಟ್ಟಲ್ಲಿ ಚೌಕಾಸಿ ಮಾಡದೆ ಹಣ ಕೊಡುವುದು. ಗೋಡೆಯ ಬಣ್ಣವನ್ನು ಮನೆಯವರಿಗೆ ಬಿಡುವುದು. ಸಾಧ್ಯವಾದರೆ ಆಟಿಯಲ್ಲೂ ಒಮ್ಮೆ ಹೋಗುವುದು. ನೀರು ಕೊಡುವ ಮೊದಲು ಅನುಮತಿ ಕೇಳಬೇಕಾದ ಮನೆಗಳು ಎಲ್ಲಿ ಉಳಿದಿವೆ ಎಂದು ನೆನಪಿಟ್ಟುಕೊಳ್ಳುವುದು, ಏಕೆಂದರೆ ಆ ಪ್ರಶ್ನೆಗೆ ನಾವು ಬಿಳಿ ಚೊಂಬಿನಲ್ಲಿ ಕುಡಿದು ಬಂದವರೆಲ್ಲ ಉತ್ತರ ಕೊಡಬೇಕಾದವರು. ಮತ್ತು ಊರಿನವರು ಸಂಕ ಬೇಕೆಂದು ಕೇಳಿದ ದಿನ, ಆ ದಾರಿಯ ಚೆಂದವನ್ನು ಹಾಡಿ ಹೊಗಳಿದ ನಾವು ಅವರ ಅರ್ಜಿಯ ಕೆಳಗೆ ಒಂದು ಸಹಿ ಹಾಕುವುದು.

ಅಳಿಯನಿಗೆ ಇದೆಲ್ಲ ಪೂರಾ ಒಪ್ಪಿಗೆಯಾಯಿತು ಎಂದು ಹೇಳಲಾರೆ. ಸಂಕ ಆದರೆ ಅದರ ಹಿಂದೆಯೇ ರಸ್ತೆ, ರಸ್ತೆಯ ಹಿಂದೆಯೇ ರೆಸಾರ್ಟು ಬರುತ್ತದೆ ಎಂಬ ಅವನ ಭಯಕ್ಕೆ ಆಧಾರವಿದೆ. ಅದನ್ನು ತಡೆಯುವ ಮಾತನ್ನು ಊರಿನವರೇ ಆಡುವಂತಾಗಬೇಕು ಎಂಬುದು ನನ್ನ ವಾದ. ಅವನು ಜರ್ಮನಿಗೆ ಮರಳಿದ್ದಾನೆ. ಮುಂದಿನ ಸಲ ಜುಲಾಯಿಯಲ್ಲಿ ಬರುತ್ತೇನೆ, ಕೊಡೆ ಇಟ್ಟಿರಿ ಎಂದು ಹೇಳಿದ್ದಾನೆ.